ಸುವಾರ್ತೆಯೂ ಕರ್ಚಿಕಾಯಿಯೂ

ನಮ್ಮ ಸಭೆಗಳಲ್ಲಿ ಧೈರ್ಯಕ್ಕೆ ಬರ ಬಂದಿದೆ ಅಂತ ಯಾರಾದರೂ ಅಂದರೆ ನಾನಂತೂ ಒಪ್ಪುವವನಲ್ಲ. ಅಂಥವರು ಒಮ್ಮೆ ಸುಗ್ಗಿ ಹಬ್ಬದ ಲಿಲಾವಿಗೆ ಬರಬೇಕು. ಆರಾಧನೆ ಮುಗಿದಿರುತ್ತದೆ, ಚರ್ಚಿನ ಅಂಗಳದ ಶಾಮಿಯಾನದ ಕೆಳಗೆ ಕಾಣಿಕೆಯ ಕಾಯಿಪಲ್ಲೆ, ಕೋಳಿ, ಕೇಕು ಎಲ್ಲ ಸಾಲಾಗಿ ಕೂತಿರುತ್ತವೆ. ಸಂತೆಯಲ್ಲಿ 40 ರೂಪಾಯಿಗೆ ಬರುವ ಕುಂಬಳಕಾಯಿಯನ್ನು ಇಬ್ಬರು ಹಿರಿಯರು ಹಟಕ್ಕೆ ಬಿದ್ದು 2,000ಕ್ಕೆ ಏರಿಸುತ್ತಾರೆ. ಗೆದ್ದವರಿಗೆ ಕುಂಬಳಕಾಯಿ ಬೇಕಿರುವುದಿಲ್ಲ, ಎದುರಿನವರಿಗೆ ಸಿಗಬಾರದು, ಅಷ್ಟೇ. ಮುಂದಿನ ಒಂದು ವಾರ ಮನೆಯಾಕೆ ದಿನಾ ಕುಂಬಳಕಾಯಿ ಪಲ್ಯ ಬಡಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ.

ಅದೂ ಸಾಲದಿದ್ದರೆ ವಾರ್ಷಿಕ ಮಹಾಸಭೆಗೆ ಬನ್ನಿ. ಖಜಾಂಚಿ ಲೆಕ್ಕ ಓದುತ್ತಿರುವಾಗ ಮೇಣದಬತ್ತಿಯ ಬಾಬ್ತಿನಲ್ಲಿ ಹದಿನೆಂಟು ರೂಪಾಯಿ ಹೆಚ್ಚು ತೋರಿಸಿದ್ದಾರೆಂದು ಎದ್ದು ನಿಲ್ಲುವ ವೀರರನ್ನು ನೋಡಿ. ಬಿಷಪ್ಪರು ಎದುರಿಗೆ ಕೂತಿರಲಿ, ಮಾಡರೇಟರ್ ಅವರೇ ಬಂದಿರಲಿ, ಒಂದು ಹೆಜ್ಜೆ ಹಿಂದೆ ಸರಿಯುವವರಲ್ಲ. ಕ್ವಾಯರ್‌ನಲ್ಲಂತೂ ಒಂದು ರಾಗದ ಸಲುವಾಗಿ ಎರಡು ತಲೆಮಾರು ಮಾತುಬಿಟ್ಟ ಮನೆತನಗಳಿವೆ.

ಇಷ್ಟು ಗಟ್ಟಿ ಎದೆಯ ಜನರನ್ನು ಹಿಡಿದು ಮೆಲ್ಲಗೆ ಕೇಳಿ: "ನಿಮ್ಮ ಬಾಜೂ ಮನೆಯವರಿಗೆ ಯೇಸುಸ್ವಾಮಿಯ ವಿಷಯ ಏನಾದ್ರೂ ಹೇಳಿದ್ದೀರಾ?" ಒಬ್ಬರು ಗಡಿಯಾರ ನೋಡುತ್ತಾರೆ. ಇನ್ನೊಬ್ಬರಿಗೆ ಸ್ಕೂಟರಿನ ಚಾವಿ ಎಲ್ಲಿಟ್ಟೆ ಅನ್ನುವ ಚಿಂತೆ ಹತ್ತುತ್ತದೆ. ಮೂರನೆಯವರು ಬಹಳ ಗಂಭೀರವಾಗಿ, "ನಮ್ಮ ಜೀವನಾನೇ ಸಾಕ್ಷಿ ಆಗಿರಬೇಕ್ರಿ" ಅನ್ನುತ್ತಾರೆ. ಇದು ಎಲ್ಲಕ್ಕಿಂತ ಭದ್ರವಾದ ಕೋಟೆ. ಮಾತು ತಪ್ಪು ಅನ್ನುವಂತಿಲ್ಲ, ಸರಿ ಅಂದರೆ ಅವರ ಜೀವನ ನೋಡಬೇಕಾಗುತ್ತದೆ. ನೋಡಿದವರು ಬಾಜೂ ಮನೆಯವರು, ಅವರು ಏನೂ ಹೇಳುತ್ತಿಲ್ಲ.

ಈ ನಾಚಿಕೆ ನಮ್ಮ ಕಾಲದ್ದಲ್ಲ ಬಿಡಿ. ಸತ್ಯವೇದ ತೆಗೆದರೆ ನೆಪ ಹೇಳುವವರದೇ ಸಾಲು. ಮೋಶೆಯೊಡನೆ ಉರಿಯುವ ಪೊದೆಯೊಳಗಿಂದ ದೇವರು ಖುದ್ದಾಗಿ ಮಾತಾಡಿದರೂ, ಅವನು ನನ್ನ ನಾಲಿಗೆ ಹೊರಳುವುದಿಲ್ಲ, ಬೇರೆ ಯಾರನ್ನಾದರೂ ಕಳಿಸು ಅಂದ. ಕೊನೆಗೆ ಅಣ್ಣ ಆರೋನನನ್ನು ಜೊತೆ ಮಾಡಿ ಕಳಿಸಬೇಕಾಯಿತು. ಯೋನನಂತೂ ಒಂದು ಹೆಜ್ಜೆ ಮುಂದೆ. ನಿನೆವೆಗೆ ಹೋಗಪ್ಪ ಅಂದರೆ ಯೊಪ್ಪದ ಬಂದರಿಗೆ ಹೋಗಿ, ಸ್ವಂತ ಕಿಸೆಯಿಂದ ಪ್ರಯಾಣದ ದುಡ್ಡು ಕೊಟ್ಟು, ತಾರ್ಷೀಷಿಗೆ ಹೋಗುವ ಹಡಗು ಹತ್ತಿದ. ದೇವರಿಂದ ತಪ್ಪಿಸಿಕೊಳ್ಳಲು ಟಿಕೆಟ್ ತೆಗೆದ ಮನುಷ್ಯ! ಆದರೆ ಬಿರುಗಾಳಿ ಎದ್ದು, ನೀನು ಯಾರು, ಯಾವ ಜನ ಅಂತ ನಾವಿಕರು ಗದರಿಸಿ ಕೇಳಿದಾಗ ಬೇರೆ ದಾರಿಯಿಲ್ಲದೆ ತನ್ನ ದೇವರ ಹೆಸರು ಹೇಳಿದ. ಆ ಹಡಗಿನವರು ಆ ದೇವರಿಗೆ ಯಜ್ಞ ಮಾಡಿ ಹರಕೆ ಹೊತ್ತರು. ಹೇಳಬಾರದೆಂದು ಓಡಿಹೋದವನು ದಾರಿಯಲ್ಲೇ ಒಂದು ಹಡಗನ್ನು ನಂಬಿಸಿಬಿಟ್ಟ. ಅದಕ್ಕೆ ಅವನೇನೂ ಖುಷಿಪಟ್ಟಂತೆ ಕಾಣುವುದಿಲ್ಲ.

ನನಗೆ ಎಲ್ಲರಿಗಿಂತ ಇಷ್ಟ ಪೇತ್ರ. ರಾತ್ರಿ ತೋಟದಲ್ಲಿ ಸಿಪಾಯಿಗಳ ದಂಡೇ ಬಂದಾಗ ಕತ್ತಿ ಹಿರಿದು ಮಹಾಯಾಜಕನ ಆಳು ಮಲ್ಕನ ಕಿವಿ ಹಾರಿಸಿದವನು ಇವನೇ. ಮುಂದೆ ಕೆಲವೇ ತಾಸು. ಅದೇ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ ನಿಂತಿದ್ದಾನೆ. ಬಾಗಿಲು ಕಾಯುವ ಹುಡುಗಿಯೊಬ್ಬಳು, ನೀನೂ ಅವನ ಜೊತೆ ಇದ್ದವನಲ್ಲವಾ ಅಂದದ್ದಷ್ಟೇ, ನಮ್ಮ ಕತ್ತಿಯ ವೀರ ಬೆವತುಹೋದ. ಅವಳ ಕೈಯಲ್ಲಿ ಆಯುಧವಿಲ್ಲ, ಅಧಿಕಾರವಿಲ್ಲ, ಬರೀ ಒಂದು ಪ್ರಶ್ನೆ. ಮೇಲಾಗಿ ಪಕ್ಕದವರು ಅವನ ಗಲಿಲಾಯದ ಮಾತಿನ ಧಾಟಿಯನ್ನೇ ಹಿಡಿದುಬಿಟ್ಟರು. ಬೆಂಗಳೂರಿನ ಆಫೀಸಿನಲ್ಲಿ ಎಷ್ಟೇ ಬಿಗಿಹಿಡಿದು ಮಾತಾಡಿದರೂ ಊಟದ ಹೊತ್ತಿಗೆ "ನೀವು ಧಾರವಾಡದ ಕಡೆಯವರಲ್ವಾ?" ಅಂತ ಸಿಕ್ಕಿಬಿದ್ದವರಿಗೆ ಅವನ ಪಾಡು ಚೆನ್ನಾಗಿ ಅರ್ಥವಾಗುತ್ತದೆ. ಕತ್ತಿಯ ಎದುರು ನಿಲ್ಲುವ ಧೈರ್ಯ ಬೇರೆ, ಬೆಂಕಿ ಕಾಯಿಸುತ್ತ ನಿಂತವರ ಎದುರು ಬಾಯಿಬಿಡುವ ಧೈರ್ಯ ಬೇರೆ. ಎರಡನೆಯದು ತುಟ್ಟಿ.

ಇದಕ್ಕೆ ಪೂರಾ ಉಲ್ಟಾ ಒಬ್ಬ ಆಸಾಮಿ ನಮ್ಮ ಕಡೆಯೇ ಓಡಾಡಿಹೋಗಿದ್ದಾನೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರಲ್ಲ, ಲೇನರ್, ಗ್ರೈನರ್, ಹೆಬಿಕ್, ಅವರಲ್ಲಿ ಈ ಸಾಮುವೆಲ್ ಹೆಬಿಕ್ ಮುಂದೆ ಕಣ್ಣೂರಿಗೆ ಹೋದ. ಉದ್ದ ಗಡ್ಡ, ಹರಕುಮುರುಕು ಇಂಗ್ಲಿಷು. ಅಲ್ಲಿದ್ದ ಬ್ರಿಟಿಷ್ ದಂಡಿನ ಅಧಿಕಾರಿಗಳ ಬಂಗಲೆಗೆ ಕರೆಯದೆ ಹೋಗುವುದು, ಕುರ್ಚಿ ಎಳೆದು ಕೂಡುವುದು, ಮೇಜಿನ ಮೇಲೆ ಸತ್ಯವೇದ ಇಡುವುದು, ನಿನ್ನ ಆತ್ಮದ ಗತಿ ಏನು ಅಂತ ನೇರ ಕೇಳುವುದು. ನಗಾಡಿದವರು ಬಹಳ, ಮುಖ ತಪ್ಪಿಸಿದವರೂ ಬಹಳ. ಆದರೂ ಕೊನೆಗೆ ಒಂದು ಪಲ್ಟಣಕ್ಕೆ ಹೆಬಿಕ್‌ನ ಪಲ್ಟಣ ಅಂತಲೇ ಅಡ್ಡಹೆಸರು ಬಿತ್ತು. ನಾಲಿಗೆ ಹೊರಳುವುದಿಲ್ಲ ಅನ್ನುವ ಮೋಶೆಯ ನೆಪ ಈ ಮನುಷ್ಯನಿಗೂ ಇತ್ತು, ಪಾಪ, ಅದನ್ನು ಬಳಸಿಕೊಳ್ಳಲು ಅವನಿಗೆ ತಿಳಿಯಲಿಲ್ಲ. ಇಂದು ಹೆಬಿಕ್ ನಮ್ಮ ಅಪಾರ್ಟ್‌ಮೆಂಟಿಗೆ ಬಂದರೆ ಗೇಟಿನ ವಾಚ್‌ಮನ್ ಆ್ಯಪಿನಲ್ಲಿ ಒಪ್ಪಿಗೆ ಕೇಳುತ್ತಾನೆ, ಒಳಗಿರುವ ನಾವು ಕ್ರೈಸ್ತರೇ ಮೊದಲು "ರಿಜೆಕ್ಟ್" ಒತ್ತುತ್ತೇವೆ.

ಅದೇ ಮಿಷನ್ನು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಶಾಲೆ ಕಟ್ಟಿತು, ಅಚ್ಚುಕೂಟ ಹಾಕಿತು, 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆಗೆಯಿತು. ಮೊಮ್ಮಕ್ಕಳ ಕಾಲಕ್ಕೆ ನಮ್ಮಲ್ಲಿ ಹಂಚು ಉಳಿಯಿತು, ಹಂಚುವುದು ಮರೆತುಹೋಯಿತು.

ಮರೆತದ್ದನ್ನು ನೆನಪಿಸಲು ಆಗಾಗ ತರಬೇತಿ ನಡೆಯುತ್ತದೆ. ಶನಿವಾರ ಬೆಳಿಗ್ಗೆ ಉಪ್ಪಿಟ್ಟು, ಫೈಲು, ಪೆನ್ನು ಕೊಟ್ಟು ಸುವಾರ್ತೆ ಹೇಳುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಇಂಥದ್ದರಲ್ಲಿ ದೊಡ್ಡ ಹೆಸರು ಫ್ಲಾರಿಡಾದ ಪಾದ್ರಿ ಜೇಮ್ಸ್ ಕೆನಡಿ 1962ರಲ್ಲಿ ಶುರು ಮಾಡಿದ ಇವ್ಯಾಂಜಲಿಸಂ ಎಕ್ಸ್‌ಪ್ಲೋಷನ್. ಆ ಪುಣ್ಯಾತ್ಮನೂ ಮೊದಮೊದಲು ಮನೆಬಾಗಿಲಿಗೆ ಹೋಗಲು ಅಂಜುತ್ತಿದ್ದವನೇ. ಇನ್ನೊಬ್ಬ ಪಾದ್ರಿಯ ಬೆನ್ನಹಿಂದೆ ಮನೆಮನೆ ತಿರುಗಿ, ನೋಡಿ ಕಲಿತ. ಅಷ್ಟರಮಟ್ಟಿಗೆ ಅವನು ನಮ್ಮವನೇ. ತೊಂದರೆಯಿರುವುದು ಅವನ ಹೆಸರಾಂತ ಮೊದಲ ಪ್ರಶ್ನೆಯಲ್ಲಿ. ಇವತ್ತು ರಾತ್ರಿ ನೀವು ಸತ್ತರೆ ಸ್ವರ್ಗಕ್ಕೆ ಹೋಗುವ ಖಾತ್ರಿ ಇದೆಯೇ ಅನ್ನುವ ಅರ್ಥದ ಪ್ರಶ್ನೆ ಅದು. ಫ್ಲಾರಿಡಾದಲ್ಲಿ ಅದು ಹೇಗೆ ಕೇಳಿಸುತ್ತದೋ. ನಮ್ಮ ಓಣಿಯಲ್ಲಿ ಉತ್ಸಾಹಿ ತರುಣನೊಬ್ಬ ಸಂಜೆ ದೀಪ ಹಚ್ಚುವ ಹೊತ್ತಿಗೆ, ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತ ಮುದುಕಿಗೆ ಅದನ್ನೇ ಕೇಳಿದ.

"ಯವ್ವಾ, ಇವತ್ತ ರಾತ್ರಿ ನೀವು ತೀರಿಕೊಂಡ್ರ ಎಲ್ಲಿಗೆ ಹೋಗ್ತೀರಿ, ಗೊತ್ತೈತೇನ್ರಿ?"

ಮುದುಕಿ ಕೈಯಲ್ಲಿದ್ದ ಬತ್ತಿ ಕೆಳಗಿಟ್ಟಳು. "ನಾ ಎಲ್ಲಿಗೂ ಹೋಗಾಂಗಿಲ್ಲೋ. ನಾಳೆ ಮೊಮ್ಮಗಳ ಕುಬಸ ಐತಿ. ನೀನಾ ಹೋಗು."

ಅವನು ಹೋದ. ಫೈಲು ಈಗಲೂ ಕಪಾಟಿನ ಮೇಲಿದೆ ಅಂತ ಕೇಳಿದ್ದೇನೆ.

ಅವನನ್ನು ನೋಡಿ ನಕ್ಕೆವು ನಿಜ, ಆದರೆ ಅವನು ಬಾಯಾದರೂ ಬಿಟ್ಟ. ನಮ್ಮ ಉಳಿದವರ ಕಥೆ ಕೇಳಿ. ಬಾಗಿಲು ಬಡಿಯುವುದು ಒತ್ತಟ್ಟಿಗಿರಲಿ, ಯಾರಾದರೂ ತಾವಾಗಿ ನಮ್ಮ ಬಾಗಿಲು ಬಡಿದರೂ ಒಳಗಿನಿಂದ ಚಿಲಕ ಹಾಕುತ್ತೇವೆ. ಶುಭ ಶುಕ್ರವಾರ ಬಂತು ಅನ್ನಿ. ಬೆಳಿಗ್ಗೆ ಎಂಟಕ್ಕೆ ಆಫೀಸಿನ ಗೆಳೆಯನ ಸಂದೇಶ: "ಹ್ಯಾಪಿ ಗುಡ್ ಫ್ರೈಡೇ!" ಕೆಳಗೆ ಒಂದು ಕೇಕು, ಎರಡು ಬಲೂನು. ಪಾಪ, ಅವನ ಮನಸ್ಸು ಒಳ್ಳೆಯದು. ಅವತ್ತು ಏನಾಯಿತು ಅಂತ ಎರಡು ಸಾಲು ಬರೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ವರ್ಷದಲ್ಲಿ ಇನ್ನೊಂದಿಲ್ಲ. ನಾವು ಏನು ಬರೆಯುತ್ತೇವೆ? "ಥ್ಯಾಂಕ್ಸ್, ಸೇಮ್ ಟು ಯು." ಸೋಮವಾರ ಚಹಾದ ಹೊತ್ತಿಗೆ ಅವನು ಬಿಡದೆ ಕೇಳುತ್ತಾನೆ, "ಮತ್ತ, ಶುಕ್ರವಾರ ಮನ್ಯಾಗ ಏನ್ ಸ್ಪೆಷಲ್ ಮಾಡಿದ್ರಿ?" ಹನ್ನೆರಡರಿಂದ ಮೂರರವರೆಗೆ ಚರ್ಚಿನಲ್ಲಿ ಕೂತು, ಶಿಲುಬೆಯ ಮೇಲಿನ ಏಳು ಮಾತಿನ ಮೇಲೆ ಏಳು ಜನರ ಪ್ರಸಂಗ ಕೇಳಿ, ಐದನೆಯ ಮಾತಿಗೆ ನಮಗೇ ನೀರಡಿಸಿ ಬಂದಿರುತ್ತೇವೆ. ಉತ್ತರ ಮಾತ್ರ, "ಏನಿಲ್ಲಪಾ, ಹಿಂಗ ಸಿಂಪಲ್."

ಕ್ರಿಸ್ಮಸ್ಸಿನಲ್ಲಾದರೂ ನಾಲಿಗೆ ಸಡಿಲಾಗುತ್ತದೆಯೇ? ಇಲ್ಲ, ಆಗ ಎಣ್ಣೆ ಬಾಣಲೆ ಕೆಲಸ ಮಾಡುತ್ತದೆ. ಡಿಸೆಂಬರ್ 20ರಿಂದ ಕರ್ಚಿಕಾಯಿ, ಚಕ್ಕಲಿ, ಶಂಕರಪೋಳಿ ಕರಿದು, 25ರ ಸಂಜೆ ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿ ಓಣಿಯೆಲ್ಲ ಹಂಚುತ್ತೇವೆ. ಬಾಗಿಲಲ್ಲಿ ನಿಂತ ಮಗು ಕೇಳುತ್ತದೆ, "ಆಂಟಿ, ಇದು ಯಾಕ ಹಬ್ಬ?" ಹಿಂದೆ ಅದರ ತಾಯಿಯೂ ಕಿವಿಗೊಟ್ಟು ನಿಂತಿರುತ್ತಾಳೆ. ಹಿಂದಿನ ದಿನವಷ್ಟೇ ಕ್ಯಾರಲ್ ತಂಡದೊಂದಿಗೆ ರಾತ್ರಿ ಎರಡರವರೆಗೆ ಊರು ಎಬ್ಬಿಸಿ ಅದೇ ಸಂಗತಿ ಹಾಡಿ ಬಂದ ಆಂಟಿ ಈಗ, "ನಿಮ್ಮ ದೀಪಾವಳಿ ಇದ್ದಂಗ ನಮ್ಮದು ಪುಟ್ಟಾ, ತಿನ್ನು" ಅನ್ನುತ್ತಾರೆ. ಮಗುವಿನ ಪ್ರಶ್ನೆಗೆ ಕರ್ಚಿಕಾಯಿ ತುರುಕಿ ಬಾಯಿ ಮುಚ್ಚಿಸಿದ್ದಾಯಿತು. ಗುಂಪಿನಲ್ಲಿ, ಗಿಟಾರಿನ ಜೊತೆ, ತಲೆಗೆ ಕೆಂಪು ಟೊಪ್ಪಿಗೆ ಹಾಕಿಕೊಂಡು ನಡುರಸ್ತೆಯಲ್ಲಿ ಸಾರಬಹುದಾದ ಸುದ್ದಿ, ಹೊಸಿಲ ಮೇಲೆ ಒಬ್ಬರಿಗೊಬ್ಬರು ನಿಂತಾಗ ಗಂಟಲಲ್ಲೇ ಕೂಡುತ್ತದೆ.

ಇಲ್ಲಿ ನನ್ನದೊಂದು ಗುಮಾನಿ. ನಮಗೆ ಅಪರಿಚಿತರ ಅಂಜಿಕೆ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಕೊಡುವುದು ಅಂಥ ಕಷ್ಟವಲ್ಲ. ತೆಗೆದುಕೊಂಡವರು ಶೇಂಗಾ ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ, ನಿಮ್ಮ ಮುಖ ಅವರಿಗೆ ನೆನಪಿರುವುದಿಲ್ಲ. ಉಜ್ಜೀವನ ಕೂಟದ ವೇದಿಕೆಯಲ್ಲಿ ಸಾಕ್ಷಿ ಹೇಳುವುದೂ ಕಷ್ಟವಲ್ಲ, ಅಲ್ಲಿ ಪ್ರತಿ ವಾಕ್ಯಕ್ಕೆ "ಆಮೆನ್" ಅನ್ನುವವರೇ ಕೂತಿರುತ್ತಾರೆ. ಕಷ್ಟ ಇರುವುದು ನಮ್ಮನ್ನು ಬಲ್ಲವರ ಮುಂದೆ. ನಾವು ಬೆಳಿಗ್ಗೆ ಹಾಲಿನವನ ಜೊತೆ ಜಗಳಾಡಿದ್ದು, ಪಾರ್ಕಿಂಗ್ ಜಾಗಕ್ಕೆ ಹಗ್ಗ ಕಟ್ಟಿದ್ದು, ಅತ್ತೆ ಸೊಸೆಯ ಮಾತು ಗೋಡೆ ದಾಟಿ ಕೇಳಿಸಿದ್ದು ಎಲ್ಲ ಅವರ ಲೆಕ್ಕದ ಪುಸ್ತಕದಲ್ಲಿದೆ. ಅವರ ಮುಂದೆ ಹೋಗಿ, ಕ್ರಿಸ್ತ ನನ್ನ ಬಾಳನ್ನೇ ಬದಲಿಸಿದ ಅಂದರೆ, "ಹೌದ್ರಾ? ಯಾವಾಗ?" ಅಂತ ಅವರು ನಿಜವಾಗಿಯೂ ಕೇಳಿಬಿಟ್ಟರೆ?

ಕಾರಿನ ಹಿಂಬದಿಯ ಸ್ಟಿಕ್ಕರ್ ಹುಟ್ಟಿದ್ದೇ ಇದಕ್ಕಾಗಿ. ಯಜಮಾನ ಬಾಯಿಬಿಡದಿದ್ದರೂ ಗಾಜು ಮಾತಾಡುತ್ತದೆ. "ಯೇಸುವೇ ಕರ್ತನು" ಅಂತ ದೊಡ್ಡಕ್ಷರದಲ್ಲಿ ಬರೆದ ಗಾಡಿ ಸಿಗ್ನಲ್ ಹಾರಿ, ಎಡಗಡೆಯಿಂದ ನುಗ್ಗಿ, ಆಟೋದವನಿಗೆ ಕೈಯಲ್ಲೇನೋ ಸನ್ನೆ ಮಾಡಿ ಹೋಗುತ್ತದೆ. ಆಟೋದವನಿಗೆ ಕರ್ತನ ಪರಿಚಯ ಈ ರೀತಿ ಆಗುತ್ತದೆ. ಅಂಥ ಗಾಡಿಯವರು ಒಂದೋ ಸ್ಟಿಕ್ಕರ್ ಕೀಳಬೇಕು, ಇಲ್ಲ ಹಾರ್ನು ಕೀಳಬೇಕು ಅಂತ ಸಭಾಪಾಲಕರು ಒಮ್ಮೆ ಪ್ರಸಂಗದಲ್ಲಿ ಹೇಳಿದಾಗ ಎಲ್ಲರೂ ನಕ್ಕೆವು. ಆರಾಧನೆ ಮುಗಿದ ಮೇಲೆ ಗೇಟಿನಲ್ಲಿ ಗಾಡಿ ತೆಗೆಯಲು ನಡೆದ ಜಟಾಪಟಿ ವರ್ಣಿಸಲು ಹೋಗುವುದಿಲ್ಲ.

ಊರವರ ಮುಂದೆ ಮಾತಾಡುವುದು ಕಷ್ಟ ಅನ್ನುವುದು ಸ್ವತಃ ಯೇಸುವಿಗೂ ಗೊತ್ತಿದ್ದ ಸಂಗತಿ. ನಜರೇತಿನವರಿಗೆ ಅವನು ಕಡೆಯವರೆಗೂ ಬಡಗಿ, ಮರಿಯಳ ಮಗ. ಮನೆಯವರು ಒಮ್ಮೆ, ಇವನಿಗೆ ತಲೆ ಕೆಟ್ಟಿದೆ ಅಂತ ಹಿಡಿದುಕೊಂಡು ಹೋಗಲು ಬಂದಿದ್ದರೆಂದು ಮಾರ್ಕನೇ ಬರೆದಿಟ್ಟಿದ್ದಾನೆ. ಆದರೂ ಗೋರಿಗಳ ನಡುವೆ ಬಟ್ಟೆಯಿಲ್ಲದೆ ಅಲೆಯುತ್ತಿದ್ದವನು ವಾಸಿಯಾಗಿ, ನಿನ್ನ ಜೊತೆಗೇ ದೋಣಿ ಹತ್ತುತ್ತೇನೆ ಅಂದಾಗ ಯೇಸು ಬೇಡ ಅಂದ. ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದ. ಆ ಮನುಷ್ಯನಿಗೆ ದೂರದೇಶದ ಮಿಷನರಿ ಕೆಲಸವೇ ಹಗುರವಾಗುತ್ತಿತ್ತು. ಸರಪಳಿ ಹರಿದು ಓಡಿದ್ದನ್ನು ಕಂಡವರ ಓಣಿಗೆ ಮಡಿ ಬಟ್ಟೆ ಉಟ್ಟು ವಾಪಸ್ ಹೋಗುವುದಿದೆಯಲ್ಲ, ಅದಕ್ಕೆ ಬೇರೆಯೇ ಎದೆ ಬೇಕು.

ಮಂಗಳೂರಿನ ಆನಂದರಾವ್ ಕೌಂಡಿನ್ಯ ಆ ಧೈರ್ಯದ ಬೆಲೆ ಏನೆಂದು ಕಂಡವರು. ಸಾರಸ್ವತ ಬ್ರಾಹ್ಮಣರ ಮನೆ, ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರ ಶಾಲೆಯ ಸಹವಾಸ, 1844ರಲ್ಲಿ ದೀಕ್ಷಾಸ್ನಾನ. ಊರಿಗೆ ಊರೇ ಅಲ್ಲಾಡಿತು, ಮನೆಯವರು ದೂರವಾದರು. ಹರ್ಮನ್ ಅನ್ನುವ ಹೆಸರೂ ಸೇರಿಸಿಕೊಂಡ ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿದರು, ಅಲ್ಲೇ ಇದ್ದುಬಿಡಬಹುದಿತ್ತು, ಸುಖವಾಗಿತ್ತು. 1851ರಲ್ಲಿ ಪಾದ್ರಿಯಾಗಿ ಅದೇ ಮಂಗಳೂರಿಗೆ ಮರಳಿದರು. ತಮ್ಮನ್ನು ತಿರಸ್ಕರಿಸಿದ ಕಣ್ಣುಗಳ ಎದುರೇ ಬದುಕಿದರು. ಇವರ ವಿಷಯದಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ, ಕ್ಷಮಿಸಿ.

ಈಗಿನವರು ಇನ್ನೊಂದು ನೆಪ ತೆಗೆಯುತ್ತಾರೆ. "ಕಾಲ ಸರಿಯಿಲ್ಲರೀ, ಕಾನೂನು ಬಂದೈತಿ." ಬಂದದ್ದು ನಿಜ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಪ್ರಚಾರ ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆದಿದೆ. 2022ರಲ್ಲಿ ನಮ್ಮ ರಾಜ್ಯದಲ್ಲೂ ಮತಾಂತರದ ಮೇಲೆ ಕಾಯ್ದೆ ಬಂತು, 2023ರಲ್ಲಿ ಅದನ್ನು ಹಿಂತೆಗೆಯಲು ಸಂಪುಟ ತೀರ್ಮಾನಿಸಿತು. ಬಾಡಿಗೆ ಖೋಲಿಯಲ್ಲಿ ಪ್ರಾರ್ಥನೆ ನಡೆಸುವ ಹಳ್ಳಿಯ ಬಡ ಪಾಸ್ಟರ್, ಬಾಗಿಲ ಹೊರಗೆ ಗದ್ದಲ ಕೇಳಿ ಅಂಜಿದರೆ ಆ ಅಂಜಿಕೆ ಖರೆ, ಅದನ್ನು ನಗೆಯಾಡುವ ಧಿಮಾಕು ನನಗಿಲ್ಲ. ಆದರೆ ನಗರದ ಮೂರನೇ ಮಹಡಿಯಲ್ಲಿ ಕೂತು ಕಾಯ್ದೆಯ ಕಡೆ ಬೆರಳು ತೋರಿಸುವ ನಮಗೆ ಒಂದು ಪ್ರಶ್ನೆ: 2022ಕ್ಕೆ ಮೊದಲು ನಾವೇನು ಬಾಯಿ ಹರಿಯುವ ಹಾಗೆ ಸಾರುತ್ತಿದ್ದೆವೇ? ಗೆಳೆಯ ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಯಾವ ಕಾಯ್ದೆ ತಡೆದಿತ್ತು? ಮತ್ತೆ, ಆಮಿಷ ಒಡ್ಡಿ ಎಳೆಯುವುದು ಸುವಾರ್ತೆಯಲ್ಲ, ವ್ಯಾಪಾರ. ಅದಕ್ಕೆ ಧೈರ್ಯ ಬೇಕಿಲ್ಲ, ದುಡ್ಡು ಸಾಕು.

ಎದುರಿಗಿರುವವರ ಮೇಲೆ ಮರ್ಯಾದೆ ಇಟ್ಟು ಹೇಳುವುದಕ್ಕೂ ನಮ್ಮಲ್ಲಿ ಹಳೆಯ ಮೇಲ್ಪಂಕ್ತಿ ಇದೆ. ಕಿಟೆಲ್ ಅಂದ ಕೂಡಲೇ ಎಲ್ಲರಿಗೂ 1894ರ ನಿಘಂಟು ಕಣ್ಣಮುಂದೆ ಬರುತ್ತದೆ. ಅದಕ್ಕೆ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಆತ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ಅಂತ ಅಚ್ಚು ಹಾಕಿಸಿದ್ದ. ಕೇಳುವವರ ಕಿವಿಗೆ ಯಾವ ಲಯ ಹಿತವೋ ಅದನ್ನು ಮೊದಲು ಕಲಿತು, ಆಮೇಲೆ ತನ್ನ ಮಾತು ಹೇಳಿದ. ನಾವು ಜರ್ಮನಿಯಿಂದ ಬಂದವರಲ್ಲ, ಹುಟ್ಟಾ ಕನ್ನಡಿಗರು. ಆದರೂ ದೇವರ ವಿಷಯ ಬಂದ ಕೂಡಲೇ ನಮ್ಮ ಬಾಯಲ್ಲಿ ಬರುವ ಭಾಷೆ ನೋಡಿ: "ಕೃಪೆಯಿಂದ ನೀತಿವಂತರಾಗಿ ನಿರ್ಣಯಿಸಲ್ಪಟ್ಟು..." ಬಾಜೂ ಮನೆಯವರು, "ಕೋರ್ಟಿನ್ಯಾಗ ಏನಾರ ಕೇಸ್ ಐತೇನ್ರಿ?" ಅಂತ ಕಾಳಜಿಯಿಂದ ವಿಚಾರಿಸುತ್ತಾರೆ.

ನಮ್ಮ ದೊಡ್ಡಮ್ಮನಿಗೆ ಈ ಭಾಷೆ ಬರುವುದಿಲ್ಲ. ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿಯಾದವರು. ಓಣಿಯಲ್ಲಿ ಈಗಲೂ ಎಲ್ಲರಿಗೂ "ಸಿಸ್ಟರ್". ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ನೋಡಲು ಹೋಗುತ್ತಾರೆ, ಡ್ರೆಸ್ಸಿಂಗ್ ಮಾಡುತ್ತಾರೆ, ಬೈಯುತ್ತಾರೆ, ಚಹಾ ಕುಡಿಯುತ್ತಾರೆ. ಏಳುವಾಗ, "ನಮ್ಮ ಯೇಸುಸ್ವಾಮಿ ಹಂತ್ಯಾಕ ನಿಮ್ಮ ಸಲುವಾಗಿ ಒಂದ್ ಮಾತು ಹೇಳಲೇನ್ರಿ?" ಅಂತ ಕೇಳುತ್ತಾರೆ. ಬೇಡ ಅಂದರೆ, "ಆತು ಬಿಡ್ರಿ, ಗುಳಗಿ ಮರೀಬ್ಯಾಡ್ರಿ" ಅಂತ ಚಪ್ಪಲಿ ಮೆಟ್ಟುತ್ತಾರೆ. ಮರುವಾರ ಮತ್ತೆ ಹಾಜರು, ಡ್ರೆಸ್ಸಿಂಗೂ ಅಷ್ಟೇ ಅಚ್ಚುಕಟ್ಟು. ಹೂಂ ಅಂದರೆ, ನಿಂತಲ್ಲೇ ಕಣ್ಣು ಮುಚ್ಚಿ ಎರಡು ಸಾಲಿನ ಪ್ರಾರ್ಥನೆ, ಅದರಲ್ಲಿ ಒಂದು ಸಾಲು ರೋಗಿಗೆ ಬೈಗುಳ.

ಎದುರುಮನೆಯ ಗಂಗಕ್ಕ ಒಮ್ಮೆ ಕೇಳಿಯೇಬಿಟ್ಟರಂತೆ. "ಸಿಸ್ಟರ್, ಅಷ್ಟೊಂದು ಕೇಳ್ತಾನಂತೀರಿ ನಿಮ್ಮ ದೇವ್ರು. ಮತ್ತ ನಿಮ್ಮ ಯಜಮಾನ್ರನ್ನ ಯಾಕ ಉಳಸಲಿಲ್ಲ?"

"ಗೊತ್ತಿಲ್ಲವಾ," ಅಂದರಂತೆ ದೊಡ್ಡಮ್ಮ. "ನಾನೂ ದಿನಾ ಕೇಳಾಕತ್ತೀನಿ. ಸಿಟ್ಟೂ ಮಾಡ್ತೀನಿ. ಆದ್ರ ಆವತ್ತ ರಾತ್ರಿ ವಾರ್ಡಿನ್ಯಾಗ ನಾ ಒಬ್ಬಾಕೀನ ಇರಲಿಲ್ಲ, ಅಷ್ಟು ಮಾತ್ರ ಖರೆ."

ಗಂಗಕ್ಕ ಚರ್ಚಿಗೆ ಬಂದರಾ ಅಂತ ನಮ್ಮ ಕಮಿಟಿಯವರು ತಕ್ಷಣ ಕೇಳಿದರು. ಇಲ್ಲ, ಬರಲಿಲ್ಲ. ಪ್ರತಿ ಗುರುವಾರ ಸಾಯಿಬಾಬಾ ಗುಡಿಗೆ ಹೋಗುತ್ತಾರೆ, ಬರುವಾಗ ದೊಡ್ಡಮ್ಮನ ಮನೆಯಲ್ಲಿ ಕೂಡುತ್ತಾರೆ, ಮಾತು ಇನ್ನೂ ನಡೆದಿದೆ. ಕಮಿಟಿಗೆ ಇದು ಯಾವ ಕಾಲಮ್ಮಿನಲ್ಲಿ ಬರೆಯುವ ಫಲಿತಾಂಶ ಅಂತ ತಿಳಿಯಲಿಲ್ಲ. ಆದರೂ ದೊಡ್ಡಮ್ಮನನ್ನು ಬಿಡಬಾರದೆಂದು, ಮುಂದಿನ ತರಬೇತಿಯಲ್ಲಿ ಒಂದು ಕ್ಲಾಸು ತಗೊಳ್ಳಿ ಅಂತ ಕೇಳಲು ಕಾರ್ಯದರ್ಶಿಗಳು ಲ್ಯಾಪ್‌ಟಾಪ್ ಸಮೇತ ಮನೆಗೆ ಬಂದರು. ವಿಷಯ, "ನೆರೆಹೊರೆಯವರಲ್ಲಿ ಸಾಕ್ಷಿ". ನಲವತ್ತೈದು ನಿಮಿಷ, ಕೊನೆಗೆ ಪ್ರಶ್ನೋತ್ತರ.

"ಕ್ಲಾಸ್ ಯಾಕೋ ಬೇಕು?" ಅಂದರು ದೊಡ್ಡಮ್ಮ. "ಮೊದಲ ನೀ ಹೇಳು, ನಿಮ್ಮ ಬಾಜೂ ಮನ್ಯಾಗ ಇರೋರ ಹೆಸರೇನು?"

ಕಾರ್ಯದರ್ಶಿಗಳು ಬಹಳ ಹೊತ್ತು ಯೋಚಿಸಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಸಾಕಷ್ಟು ಧೈರ್ಯದಿಂದಲೇ, "302" ಅಂದರು.